ಹಗೇವಿನ ಬಾಯಿಗಲ್ಲು

ಮಕ್ಕಳೇ,

ನಮ್ಮ ಹಳೇ ಮನೆಯ ಅಂಗಳದಲ್ಲಿ ಒಂದು ಹಗೇವು ಇತ್ತು. ನಿಮ್ಮಲ್ಲಿ ಹೆಚ್ಚಿನವರಿಗೆ ಈ ಮಾತೇ ಹೊಸದು. ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಸುತ್ತ ಒಣಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕನಕಪುರ, ಮಾಗಡಿ ಸೀಮೆಯ ಎಷ್ಟೋ ಮನೆಗಳ ಒಲೆ ಉರಿದದ್ದು ಇಂಥ ಗುಂಡಿಗಳ ಬಲದಿಂದ.

ಹಗೇವು ತೆಗೆಯುವ ದಿನ ನನಗೆ ಹಬ್ಬ. ಕಲ್ಲು ಎತ್ತಿದ ಕೂಡಲೇ ಒಳಕ್ಕೆ ಧುಮುಕುವ ಆತುರ. ತಾತ ರಟ್ಟೆ ಹಿಡಿದು ಹಿಂದಕ್ಕೆಳೆಯುತ್ತಿದ್ದರು. "ಲೋ, ಅದರ ಉಸಿರು ಇನ್ನೂ ಹೋಗಿಲ್ಲ ಕಣ್ಲಾ." ಬೆಳಿಗ್ಗೆ ತೆರೆದ ಬಾಯಿ ಸಂಜೆಯವರೆಗೂ ಹಾಗೇ ಇರಬೇಕು. ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪ ಇಳಿಬಿಡುವುದು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಮುಚ್ಚಿಟ್ಟ ಕಾಳು ಒಳಗೊಳಗೇ ಗಾಳಿಯನ್ನು ಕೆಡಿಸಿರುತ್ತದೆ. ಅವಸರಪಟ್ಟು ಇಳಿದು ಹೆಣವಾದವರ ಕತೆ ಆಗ ಊರೂರಲ್ಲೂ ಇತ್ತು. ಹಸಿವಿಗೆಂದು ಇಟ್ಟ ರಾಗಿಯೇ ಆಳನ್ನು ಕೊಲ್ಲುತ್ತದೆಂದರೆ ನನಗೆ ನಂಬಿಕೆ ಬರುತ್ತಿರಲಿಲ್ಲ.

ಇನ್ನೊಂದು ಪದ್ಧತಿ. ಮೇಲೆ ಬಂದ ಮೊದಲ ಕೊಳಗ ನಮ್ಮ ಮನೆಯೊಳಕ್ಕೆ ಬರುತ್ತಿರಲಿಲ್ಲ. ಕೇರಿಯ ತುದಿಯಲ್ಲಿ ಒಂಟಿಯಾಗಿದ್ದ ಒಬ್ಬ ಮುದುಕಿಯ ಮನೆಗೆ ಹೋಗುತ್ತಿತ್ತು. ಆಕೆ ನಮ್ಮ ಚರ್ಚಿನವಳೂ ಅಲ್ಲ, ನಮ್ಮ ಜಾತಿಯವಳೂ ಅಲ್ಲ. ಯಾಕೆಂದು ತಾತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನಗೀಗ ಎಪ್ಪತ್ತೆಂಟು. ನಲವತ್ತು ವರ್ಷ ಮೇಷ್ಟ್ರಾಗಿದ್ದವನು, ಜೊತೆಗೆ ಎರಡೆಕರೆ ಹಿಪ್ಪುನೇರಳೆ ನೋಡಿಕೊಂಡವನು. ನೀವೀಗ ಬಿಡದಿಯ ಕಾರ್ಖಾನೆಗೋ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೋ ಬೆಂಗಳೂರಿನ ಆಫೀಸಿಗೋ ಹೋಗಿ ಬರುತ್ತೀರಿ. ತಿಂಗಳ ಕೊನೆಗೆ ನಿಮ್ಮ ಫೋನಿಗೆ ಬರುವ ಸಂಬಳ ನಾನು ವರ್ಷವಿಡೀ ದುಡಿದರೂ ಕಾಣದಂಥದ್ದು. ಅಸೂಯೆಯಿಂದ ಹೇಳುತ್ತಿಲ್ಲ, ಸಂತೋಷವೇ. ಆದರೆ ದುಡ್ಡಿನ ವಿಚಾರವನ್ನು ಚರ್ಚಿನಲ್ಲಿ ನಿಮಗೆ ಸರಿಯಾಗಿ ಹೇಳಿಕೊಟ್ಟಿಲ್ಲ ಎಂಬ ಅಳುಕು ನನಗಿದೆ. ಕಾಣಿಕೆ ತಟ್ಟೆ ಬಂದಾಗ ಹಾಕಿ ಎಂದೆವು, ಅಷ್ಟೇ.

ಶುಭಸಂದೇಶದಲ್ಲಿ ಒಬ್ಬ ಶ್ರೀಮಂತ ಬರುತ್ತಾನಲ್ಲ, ಬೆಳೆ ಹೆಚ್ಚಾಗಿ ಹಳೇ ಕಣಜ ಕೆಡವಿ ದೊಡ್ಡದನ್ನು ಕಟ್ಟಲು ಹೊರಟವನು, ಆ ರಾತ್ರಿಯೇ ಸತ್ತವನು. ಅವನ ಕತೆ ಹೇಳಿ ಕೂಡಿಡುವುದೇ ಪಾಪ ಎಂಬಂತೆ ಬೋಧಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಗೇವು ಕಂಡವನು ಒಪ್ಪಲಾರ. ಐಗುಪ್ತದಲ್ಲಿ ಯೋಸೇಫ ಏಳು ವರ್ಷ ಧಾನ್ಯ ಕೂಡಿಟ್ಟದ್ದರಿಂದಲೇ ಮುಂದಿನ ಏಳು ವರ್ಷ ಜನ ಬದುಕಿದ್ದು. (ಆಮೇಲೆ ಅದೇ ಧಾನ್ಯ ಕೊಟ್ಟು ಜನರ ಹೊಲಗಳನ್ನೆಲ್ಲ ಅರಸನ ಹೆಸರಿಗೆ ಬರೆಸಿಕೊಂಡದ್ದು ಇವತ್ತಿಗೂ ನನಗೆ ಗಂಟಲಲ್ಲಿ ಇಳಿಯದ ತುತ್ತು.) ಆ ಶ್ರೀಮಂತನ ತಪ್ಪು ಕಣಜ ಕಟ್ಟಿದ್ದಲ್ಲ. ಅವನ ಮಾತನ್ನು ಇನ್ನೊಮ್ಮೆ ಓದಿ ನೋಡಿ. ನನ್ನ ಬೆಳೆ, ನನ್ನ ಕಣಜ, ನನ್ನ ಜೀವ. ಅಷ್ಟು ಮಾತಿನಲ್ಲಿ ಇನ್ನೊಬ್ಬ ಮನುಷ್ಯನೇ ಇಲ್ಲ. ಕೂಲಿಯವರಿಲ್ಲ, ನೆರೆಯವರಿಲ್ಲ, ಹೆಂಡತಿ ಮಕ್ಕಳೂ ಇಲ್ಲ. ಬಾಯಿಗಲ್ಲು ಮುಚ್ಚಿದ ಹಗೇವಿನೊಳಗೆ ಕೂತು ಮಾತಾಡಿದ ಹಾಗಿದೆ.

ನಮ್ಮ ಹಿರಿಯರ ಬಾಯಲ್ಲಿ ಪಾರುಪತ್ಯಗಾರ ಎಂಬ ಮಾತಿತ್ತು. ಇನ್ನೊಬ್ಬರ ಆಸ್ತಿಯನ್ನು ನೋಡಿಕೊಂಡು ಲೆಕ್ಕ ಒಪ್ಪಿಸುವವನು. ಖರ್ಚು ಮಾಡಬಹುದು, ಬೆಳೆಸಬಹುದು, ಸಂಬಳವನ್ನೂ ತೆಗೆದುಕೊಳ್ಳಬಹುದು. ಆದರೆ ಧಣಿ ಬಂದು ಕೇಳಿದ ದಿನ ಪುಸ್ತಕ ಬಿಚ್ಚಬೇಕು. ಕ್ರೈಸ್ತರ ದುಡ್ಡಿನ ವಿಚಾರವೆಲ್ಲ ಈ ಒಂದು ಮಾತಿನಲ್ಲಿದೆ ಎಂದು ನನಗೆ ತೋರುತ್ತದೆ. ನೀವು ಯಜಮಾನರಲ್ಲ, ಪಾರುಪತ್ಯಗಾರರು.

ಲೆಕ್ಕ ಎಂದರೆ ಜಿಪುಣತನ, ಕರುಣೆ ಎಂದರೆ ಲೆಕ್ಕ ಇಡದ ಧಾರಾಳ ಎಂದು ನಿಮ್ಮ ವಯಸ್ಸಿನಲ್ಲಿ ನಾನೂ ತಿಳಿದಿದ್ದೆ. ಅದು ತಪ್ಪು; ಕರುಣೆಯೂ ಲೆಕ್ಕ ಇಡುತ್ತದೆ. ಆಬೆ ದುಬುವಾ ಎಂಬ ಫ್ರೆಂಚ್ ಪಾದ್ರಿಯ ಹೆಸರು ಕೇಳಿದ್ದೀರಿ. ಜನ ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚನ್ನಪಟ್ಟಣ ದಾಟಿ ನಾವು ಈಗ ಬಸ್ಸಿನಲ್ಲಿ ಹೋಗುವ ಅದೇ ದಿಕ್ಕಿನ ಆ ಊರಿನಲ್ಲಿ ಚೆದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿದವರು. ನೆಲೆ ತಪ್ಪಿದ ಕುಟುಂಬಗಳಿಗೆ ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬೇಸಾಯಕ್ಕೆ ದಾರಿ ಮಾಡಿಕೊಟ್ಟರು. ಸಿಡುಬು ಊರೂರನ್ನೇ ತಿನ್ನುತ್ತಿದ್ದ ಆ ಕಾಲದಲ್ಲಿ, 1803-04ರಲ್ಲಿ, ಅವರ ಮೇಲ್ವಿಚಾರಣೆಯಲ್ಲಿ ದೇವಿ ಹಾಕಿಸಿಕೊಂಡವರು 25,432 ಮಂದಿ. ಇಪ್ಪತ್ತೈದು ಸಾವಿರ ಚಿಲ್ಲರೆ ಎಂದು ಬರೆದಿಟ್ಟಿಲ್ಲ ನೋಡಿ, ಕೊನೆಯ ಇಬ್ಬರನ್ನೂ ಬಿಡದೆ ಎಣಿಸಿದ್ದಾರೆ. ಆ ಇಬ್ಬರೂ ಯಾರದೋ ಮಕ್ಕಳು.

ಎಣಿಸಲಾಗದಷ್ಟು ಜನ ಸತ್ತ ಕಾಲವೂ ಈ ನೆಲದಲ್ಲಿ ಬಂದಿತ್ತು. 1876ರಿಂದ 78ರವರೆಗಿನ ಧಾತು ಈಶ್ವರ ಬರ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ ಐವತ್ತು ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ ನಲವತ್ತೊಂದು ಲಕ್ಷ ಚಿಲ್ಲರೆ. ಹೆಸರಘಟ್ಟದ ಹತ್ತಿರ ಸಿಲುವೆಪುರ ಇದೆಯಲ್ಲ, ಅದು ಆ ಬರದಲ್ಲಿ ಅನಾಥರಾದ ಮಕ್ಕಳಿಗಾಗಿ ಫ್ರೆಂಚ್ ಮಿಷನರಿಗಳು ನೆಲ ಕೊಂಡು ಕಟ್ಟಿದ ಊರು. ಗಂಜಿ ಹಾಕಿ ಕಳಿಸಿಬಿಡಬಹುದಿತ್ತು. ನೆಲ ಕೊಟ್ಟರು, ಉಳುಮೆ ಕಲಿಸಿದರು. ಸಹಾಯ ಮಾಡುವಾಗ ಈ ವ್ಯತ್ಯಾಸ ಮನಸ್ಸಿನಲ್ಲಿರಲಿ.

ಈಗ ನನ್ನದೇ ಒಂದು ಕತೆ. ಹೇಳಿಕೊಳ್ಳುವಂಥದ್ದಲ್ಲ, ಆದರೂ ಹೇಳುತ್ತೇನೆ.

ಹಾರೋಬೆಲೆಯಲ್ಲಿ ಊರವರೇ ವೇಷ ಕಟ್ಟಿ ಆಡುವ ಯೇಸುಸ್ವಾಮಿಯ ಪಾಡುಗಳ ನಾಟಕ ನಮ್ಮ ಕಡೆಗೆಲ್ಲ ಹೆಸರುವಾಸಿ. ಅದನ್ನು ನೋಡಿ ಬಂದ ಹುರುಪಿನಲ್ಲಿ ನಮ್ಮೂರಲ್ಲೂ ಪವಿತ್ರ ವಾರದಲ್ಲಿ ಚಿಕ್ಕದಾಗಿ ಆಡುತ್ತಿದ್ದೆವು. ಯೂದನ ಪಾತ್ರ ಯಾರಿಗೂ ಬೇಡ. ಮೇಷ್ಟ್ರಲ್ಲವೇ, ನನ್ನ ತಲೆಗೆ ಕಟ್ಟಿದರು. ಮೂರು ವರ್ಷ ಹಾಕಿದೆ. ಸೊಂಟಕ್ಕೆ ಕಟ್ಟಿದ ದುಡ್ಡಿನ ಚೀಲ ನಡೆಯುವಾಗ ಝಣ್ ಅನ್ನಬೇಕೆಂದು ನಾಟಕದ ಮೇಷ್ಟ್ರ ಅಪ್ಪಣೆ. ನಿಮಗೆ ನೆನಪಿದೆಯೇ, ಹನ್ನೆರಡು ಮಂದಿ ಶಿಷ್ಯರಲ್ಲಿ ಖಜಾಂಚಿ ಅವನೇ. ಒಬ್ಬಳು ಬೆಲೆಬಾಳುವ ಸುಗಂಧತೈಲವನ್ನು ಸ್ವಾಮಿಯ ಪಾದಕ್ಕೆ ಸುರಿದಾಗ, ಇದನ್ನು ಮಾರಿ ಬಡವರಿಗೆ ಹಂಚಬಹುದಿತ್ತಲ್ಲ ಎಂದವನೂ ಅವನೇ. ಮಾತು ಎಷ್ಟು ಚೆನ್ನಾಗಿದೆ! ಕೈ ಮಾತ್ರ ಚೀಲದೊಳಗಿತ್ತು.

ಆ ದಿನಗಳಲ್ಲೇ ನಮ್ಮ ಚರ್ಚಿನ ಬಡವರ ನಿಧಿ ನನ್ನ ಟ್ರಂಕಿನಲ್ಲಿತ್ತು. ಸುಗ್ಗಿ ಹಬ್ಬದಲ್ಲಿ ತಂದೊಪ್ಪಿಸಿದ ಕುಂಬಳಕಾಯಿ, ಕೋಳಿ, ರಾಗಿಯನ್ನು ಹರಾಜು ಕೂಗಿ ಬಂದ ದುಡ್ಡು, 1,260 ರೂಪಾಯಿ. 1986ರ ಬೇಸಿಗೆ. ನೂರು ಮೊಟ್ಟೆ ರೇಷ್ಮೆಹುಳ ಸಾಕಿದ್ದೆ, ತೋಟದ ಸೊಪ್ಪು ಸಾಲಲಿಲ್ಲ. ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಗೂಡು ಮಾರಿದ ದಿನವೇ ಹಿಂದಕ್ಕಿಟ್ಟರಾಯಿತು, ಇನ್ನು ಹತ್ತು ದಿನದ ಮಾತು ಎಂದುಕೊಂಡು ಟ್ರಂಕು ತೆರೆದೆ. ಯಾರಿಗೂ ಹೇಳಲಿಲ್ಲ. ಕದ್ದೆ ಎಂದು ನನಗೆ ಅನ್ನಿಸಲೂ ಇಲ್ಲ.

ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚಿ ಎದ್ದ ಮೇಲೆ, ಹುಳಕ್ಕೆ ಹಾಲುತೊಂಡೆ ರೋಗ ಬಂತು. ಮೈ ಊದಿಕೊಂಡು, ಮುಟ್ಟಿದರೆ ಹಾಲಿನಂಥ ನೀರು ಸುರಿಸುತ್ತ ತಟ್ಟೆಯ ಅಂಚಿನಲ್ಲಿ ಜೋಲತೊಡಗಿದವು. ಗೂಡು ಕಟ್ಟಲು ಚಂದ್ರಂಕಿಗೆ ಬಿಡೋಣವೆಂದರೆ ಒಂದು ಹಣ್ಣುಹುಳವೂ ಉಳಿಯಲಿಲ್ಲ. ಎಲ್ಲವನ್ನೂ ಸುಣ್ಣ ಹಾಕಿ ಹೂತೆ. ಅದಾಗಿ ಮೂರನೇ ರಾತ್ರಿ ಒಬ್ಬ ವಿಧವೆ ನನ್ನ ಬಾಗಿಲು ಬಡಿದಳು. ಮಗಳಿಗೆ ಹೆರಿಗೆ ನೋವು, ಮಗು ಅಡ್ಡ ನಿಂತಿದೆ, ಬೆಂಗಳೂರಿಗೆ ಸಾಗಿಸಬೇಕು. "ನಿಧಿ ದುಡ್ಡು ಕೊಡಿ ಬುದ್ಧೀ."

ಆ ಹೊತ್ತಿಗೆ ನನ್ನ ಕಿವಿಯಲ್ಲಿ ಆ ಚೀಲ ಝಣ್ ಅಂದದ್ದು ನಾನು ಸಾಯುವವರೆಗೂ ಹೋಗುವುದಿಲ್ಲ.

ಲಾರಿಯೊಂದನ್ನು ಕಾಡಿ ಬೇಡಿ ಹತ್ತಿಸಿಕೊಂಡು ರಾಮನಗರದವರೆಗೆ ಹೋದೆವು. ಗೂಡಿನ ಮಾರುಕಟ್ಟೆಯಲ್ಲಿ ನನ್ನ ಲಾಟನ್ನು ಎಷ್ಟೋ ಸಲ ಹಿಡಿದಿದ್ದ ಒಬ್ಬ ರೀಲರ್ ಸಾಬರ ಮನೆ ಬಾಗಿಲಿಗೆ ನಿಂತಾಗ ಇನ್ನೂ ಬೆಳಕು ಹರಿದಿರಲಿಲ್ಲ. ನಾನು ವಿವರಿಸಲು ಹೊರಟೆ. "ಮೊದ್ಲು ಹುಡುಗಿ ನೋಡಿ ಮೇಷ್ಟ್ರೇ, ಲೆಕ್ಕ ಆಮೇಲೆ" ಎಂದರು. ದುಡ್ಡು ಕೊಟ್ಟರು, ಕಾರನ್ನೂ ಗೊತ್ತು ಮಾಡಿಕೊಟ್ಟರು, ಚೀಟಿ ಬರೆಸಿಕೊಳ್ಳಲಿಲ್ಲ. ತಾಯಿ ಮಗು ಎರಡೂ ಉಳಿದವು. ಸಮಾರ್ಯದವನ ಕತೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೆನೋ. ಆ ಕತೆಯಲ್ಲಿ ನಾನು ಯಾವ ಪಾತ್ರ ಎಂದು ಅವತ್ತೇ ತಿಳಿದದ್ದು.

ಸಾಲ ತೀರಿಸಲು, ನಿಧಿ ತುಂಬಿಸಲು ಹನ್ನೊಂದು ತಿಂಗಳು ಹಿಡಿಯಿತು. ಸ್ವಾಮಿಯವರ ಮುಂದೆ ಪಾಪನಿವೇದನೆ ಮಾಡಿಕೊಂಡೆ. ಅಷ್ಟು ಸಾಲದು ಎಂದು ಅವರು ಸಭೆಯ ಮುಂದೆ ಪುಸ್ತಕ ಓದಿಸಿದರು. ಅಂದಿನಿಂದ ನಮ್ಮ ನಿಧಿಗೆ ಎರಡು ಬೀಗ, ಇಬ್ಬರ ಹತ್ತಿರ ಒಂದೊಂದು ಬೀಗದ ಕೈ. ನೀವು ಸಂಘ, ನಿಧಿ, ವಾಟ್ಸಾಪ್ ಗುಂಪಿನ ವಸೂಲಿ ಏನೇ ಮಾಡಿ, ಒಳ್ಳೆಯವನೊಬ್ಬನ ಕೈಗೆ ಪೂರ್ತಿ ಒಪ್ಪಿಸಬೇಡಿ. ಒಳ್ಳೆಯವನನ್ನು ಹಾಗೆ ಒಬ್ಬಂಟಿಯಾಗಿ ಬಿಡುವುದು ಅವನಿಗೆ ಮಾಡುವ ಅನ್ಯಾಯ.

ನಿಮ್ಮ ಕಾಲದ ಟ್ರಂಕು ಬೇರೆ. ಬೆಂಗಳೂರು-ಮೈಸೂರು ಹೆದ್ದಾರಿ 2023ರಲ್ಲಿ ತೆರೆಯಿತು. ಅದಕ್ಕೂ ಕೈಗಾರಿಕೆಗೂ ಬಡಾವಣೆಗೂ ನಮ್ಮ ಜನರ ಹೊಲ ಹೋದವು, ಪರಿಹಾರದ ದುಡ್ಡು ಬಂತು. 2007ರಲ್ಲಿ ನಮ್ಮ ಕಡೆಯ ನಾಲ್ಕು ತಾಲ್ಲೂಕು ಸೇರಿ ರಾಮನಗರ ಜಿಲ್ಲೆಯಾದಾಗ ನೆಲಕ್ಕೆ ಒಂದು ಬೆಲೆ, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟ ಮೇಲೆ ಇನ್ನೊಂದು ಬೆಲೆ. ತಲೆಮಾರುಗಳು ಬೆವರು ಸುರಿಸಿದ ನೆಲ ಒಂದೇ ರುಜುವಿಗೆ ದುಡ್ಡಾಗುತ್ತದೆ, ಎರಡೇ ವರ್ಷಕ್ಕೆ ಕಾರಾಗಿ, ಗೃಹಪ್ರವೇಶದ ಊಟವಾಗಿ ಕರಗುತ್ತದೆ. ಹಾಗೆ ಕರಗಿಸಿ ಈಗ ತಮ್ಮದೇ ಹೊಲವಿದ್ದ ಜಾಗದಲ್ಲಿ ಕಾವಲುಗಾರರಾಗಿ ನಿಂತವರನ್ನು ನೀವೂ ಕಂಡಿದ್ದೀರಿ.

ಇದರಲ್ಲಿ ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಅಕ್ಕತಂಗಿಯರ ಪಾಲು. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಗಂಡು ಹೆಣ್ಣೆನ್ನದೆ ಮಕ್ಕಳಿಗೆಲ್ಲ ಸಮಪಾಲು ಎನ್ನುತ್ತದೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಕೇರಳದ ಮೇರಿ ರಾಯ್ ಸುಪ್ರೀಂ ಕೋರ್ಟಿನವರೆಗೂ ಹೋಗಿ 1986ರಲ್ಲಿ ಅಲ್ಲಿನ ಹೆಣ್ಣುಮಕ್ಕಳಿಗೂ ಅದನ್ನು ದಕ್ಕಿಸಿಕೊಟ್ಟರು. ನಮ್ಮಲ್ಲಿ ನಡೆಯುವುದೇನು? ಒಂದು ಸೀರೆ ಕೊಟ್ಟು, ತವರಿನ ಬಾಗಿಲು ತೆರೆದಿರುತ್ತದೆ ಕಣಮ್ಮಾ ಎಂದು ಹೇಳಿ ಹಕ್ಕು ಖುಲಾಸೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು. ಆಮೇಲೆ ಅದೇ ದುಡ್ಡಿನಲ್ಲಿ ಚರ್ಚಿಗೆ ಗಂಟೆ ಕೊಡಿಸಿ ಹೆಸರು ಕೆತ್ತಿಸುವುದು. ತಂಗಿಯ ಪಾಲು ತಂಗಿಗೆ ಕೊಟ್ಟು ಬನ್ನಿ, ಗಂಟೆ ಆಮೇಲೆ ನೋಡೋಣ.

ಕೂಲಿಯ ವಿಷಯವೂ ಹಾಗೇ. ರಾಮನಗರದ ನೂಲು ಬಿಚ್ಚುವ ಘಟಕಗಳಲ್ಲಿ ಹೆಂಗಸರ ಬೆರಳುಗಳನ್ನು ನೋಡಿದ್ದೀರಾ? ಕುದಿವ ನೀರಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ತುದಿಗಳು ಬೆಂದು ಬಿಳಿಚಿರುತ್ತವೆ. ರೇಷ್ಮೆ ಉದ್ಯಮದ ಮಕ್ಕಳ ಜೀತದ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಬರೆದಾಗ ಅದರಲ್ಲಿ ಕರ್ನಾಟಕದ ಹೆಸರೂ ಇತ್ತು. ಅಪ್ಪ ಮಾಡಿದ ಸಾಲಕ್ಕೆ ಶಾಲೆ ಬಿಟ್ಟವರು, ನನ್ನ ಹಾಜರಿ ಪುಸ್ತಕದಿಂದ ಒಬ್ಬೊಬ್ಬರಾಗಿ ಕಾಣೆಯಾದವರು ಇದ್ದರು. ಎಷ್ಟು ಮನೆ ಬಾಗಿಲಿಗೆ ಹೋಗಿ ಕೇಳಿದೆ? ಎಲ್ಲರ ಮನೆಗೂ ಹೋಗಲಿಲ್ಲ. ನಾಳೆ ನಿಮ್ಮಲ್ಲಿ ಒಬ್ಬರು ನಾಲ್ಕು ಜನರಿಗೆ ಕೆಲಸ ಕೊಡುವವರಾದರೆ, ಶನಿವಾರದ ಕೂಲಿ ಶನಿವಾರವೇ ಕೊಡಿ. ಮನೆಗೆಲಸದಾಕೆ ಸಂಬಳ ಕೇಳುವ ಹಾಗೆ ಇಟ್ಟುಕೊಳ್ಳಬೇಡಿ. ಕೂಲಿ ಹಿಡಿದಿಟ್ಟು ಹಂಚಿದ ಕ್ರಿಸ್ಮಸ್ ಕೇಕು ಯಾರ ಬಾಯಿಗೂ ಸಿಹಿಯಾಗದು.

ನೀರಿಗೆ ಬರೋಣ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಹಾರೋಬೆಲೆ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತಾಳೆ. ದಾರಿಯಲ್ಲಿ ವೃಷಭಾವತಿ ಬಂದು ಕೂಡುತ್ತದೆ, ಬೆಂಗಳೂರಿನ ಅರ್ಧ ಊರಿನ ಕೊಳೆಯನ್ನು ಬೈರಮಂಗಲ ಕೆರೆಯ ಮೂಲಕ ಹೊತ್ತು ತಂದು. ಮೈಸೂರು ರಸ್ತೆಯ ಕಡೆ ಬಾಡಿಗೆ ಮನೆ ಮಾಡಿರುವವರೇ, ಅಲ್ಲಿ ನೀವು ಚೆಲ್ಲಿದ್ದು ಇಲ್ಲಿ ನಿಮ್ಮ ಅಜ್ಜನ ಹೊಲದ ಪಕ್ಕ ನೊರೆಯಾಗಿ ಹರಿಯುತ್ತದೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಈ ಭೂಮಿಯ ಬಗ್ಗೆ ವಿಶ್ವಪತ್ರವನ್ನೇ ಬರೆದರು. ಅದನ್ನು ಓದದವರೂ ಬೈರಮಂಗಲದ ಗಾಳಿಯನ್ನು ಒಮ್ಮೆ ಮೂಸಿ ಬಂದರೆ ಅರ್ಥವಾದೀತು.

ಪಾರುಪತ್ಯ ನಮ್ಮ ಧರ್ಮದವರ ಗುತ್ತಿಗೆಯಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕ ಕುದೂರಿನ ರಸ್ತೆಯುದ್ದಕ್ಕೂ 385 ಆಲದ ಮರ ಬೆಳೆಸಿದ್ದು ತನ್ನ ಹೊಲದಲ್ಲಲ್ಲ, ಸರ್ಕಾರದ ರಸ್ತೆಯಲ್ಲಿ. ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ದು ತನಗೆಂದೂ ಸೇರದ ಗಿಡಗಳಿಗೆ. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲಿಸಲು ಹೊರಟಾಗ ಆ ವಯಸ್ಸಿನಲ್ಲಿ ಮುಖ್ಯಮಂತ್ರಿಗಳ ಬಳಿ ಹೋಗಿ ಮರ ಉಳಿಸಿ ಎಂದು ಕೇಳಿಕೊಂಡಳು. 2025ರ ನವೆಂಬರಿನಲ್ಲಿ ತೀರಿಕೊಂಡಳು.

ಕೊಡುವ ಬಗೆ ಒಂದಿದೆ. ಹಳೆಯ ಒಡಂಬಡಿಕೆಯ ಕಟ್ಟಳೆಯಲ್ಲಿ ಹೊಲದ ಅಂಚಿನ ತೆನೆ ಕೊಯ್ಯಬೇಡ, ಬಿದ್ದದ್ದನ್ನು ಆಯಬೇಡ, ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು ಎಂದಿದೆ. ನಮ್ಮಲ್ಲೂ ಹಕ್ಕಲು ಆಯುವುದು ಅಂದರೆ ಹಾಗೇ ಇತ್ತು. ಕಟಾವಾದ ಹೊಲಕ್ಕೆ ಇಲ್ಲದವರು ಬಂದು ಉದುರಿದ ತೆನೆ ಆಯ್ದುಕೊಂಡು ಹೋಗುತ್ತಿದ್ದರು. ಯಾರೂ ಅವರನ್ನು ಸಾಲಿನಲ್ಲಿ ನಿಲ್ಲಿಸುತ್ತಿರಲಿಲ್ಲ, ಯಾರಿಗೂ ಕೈಮುಗಿಯುವ ಹಂಗಿರಲಿಲ್ಲ. ಈಗ ಎರಡು ಕೆ.ಜಿ. ಅಕ್ಕಿ ಕೊಟ್ಟು ಹಿಡಿದವರ ಮುಖದ ಸಮೇತ ಫೋಟೋ ಹಾಕುತ್ತೀರಿ. ಆ ಫೋಟೋ ಅವರ ಮಗಳ ಶಾಲೆಯ ಗೆಳತಿಯೂ ನೋಡುತ್ತಾಳೆ ಕಣಪ್ಪಾ.

ನಿಮ್ಮ ಸಂಬಳದ ಹೊಲಕ್ಕೂ ಒಂದು ಅಂಚು ಬಿಡಿ. ಎಷ್ಟು ಎಂದು ನಾನು ಹೇಳುವುದಿಲ್ಲ. ಸಂಬಳ ಬಂದ ದಿನವೇ ತೆಗೆದಿಡಿ. ತಿಂಗಳ ಕೊನೆಗೆ ಉಳಿದದ್ದನ್ನು ಕೊಡುತ್ತೇನೆಂದರೆ ಉಳಿಯುವುದಿಲ್ಲ. ಕಂತಿನಲ್ಲಿ ಕೊಂಡ ಫೋನು, ಬೈಕುಗಳ ಮೇಲೆ ನನಗೆ ಕೋಪವಿಲ್ಲ, ಆದರೆ ಮುಂದಿನ ಎರಡು ವರ್ಷದ ಬೆಳೆಯನ್ನು ಬಿತ್ತುವ ಮೊದಲೇ ಮಾರಿಕೊಂಡವನ ಹೊಲದಲ್ಲಿ ಹಕ್ಕಲು ಎಲ್ಲಿಂದ ಬರಬೇಕು? ಮದುವೆಯ ಛತ್ರದಲ್ಲಿ ಎಲೆಯ ಮೇಲೆ ಬಿಟ್ಟೇಳುವ ಅನ್ನ ನೋಡಿದಾಗಲೂ ಹೊಟ್ಟೆ ಉರಿಯುತ್ತದೆ. ಐದು ರೊಟ್ಟಿಯಲ್ಲಿ ಐದು ಸಾವಿರ ಜನಕ್ಕೆ ಉಣಿಸಿದ ಸ್ವಾಮಿಯೂ ಉಳಿದ ತುಂಡುಗಳನ್ನು ಹನ್ನೆರಡು ಬುಟ್ಟಿಗೆ ತುಂಬಿಸಿದರು.

ಕೊಡುವುದಕ್ಕಿಂತ ಕಷ್ಟದ್ದು ಹೋಗುವುದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡ್ರಿಕ್ ಓಜನಾಂ ಎಂಬ ಇಪ್ಪತ್ತರ ವಿದ್ಯಾರ್ಥಿ ಗೆಳೆಯರನ್ನು ಕಟ್ಟಿಕೊಂಡು ಶುರು ಮಾಡಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಇವತ್ತು ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿದೆ. ಅದರ ಮುಖ್ಯ ಕೆಲಸ ದುಡ್ಡು ಹಂಚುವುದಲ್ಲ, ಬಡವರ ಮನೆಗೆ ಹೋಗಿ ಕೂರುವುದು. ಶುರು ಮಾಡಿದವರು ನಿಮ್ಮ ವಯಸ್ಸಿನವರು. ಈಗ ನಮ್ಮ ಧರ್ಮಕೇಂದ್ರದ ಕೂಟದಲ್ಲಿ ಅರವತ್ತಕ್ಕಿಂತ ಚಿಕ್ಕವರು ಒಬ್ಬರೂ ಇಲ್ಲ. ಹಾಸಿಗೆ ಹಿಡಿದವರ ಪಕ್ಕ ಅರ್ಧ ಗಂಟೆ ಫೋನು ತೆಗೆಯದೆ ಕೂತು ನೋಡಿ. ಏನು ಮಾತಾಡಬೇಕೆಂದು ತಿಳಿಯುವುದಿಲ್ಲ. ಅವರೇ ಮಾತಾಡುತ್ತಾರೆ.

ಬಡವರ ನಿಧಿಯ ಲೆಕ್ಕದ ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ. ಅಂಥ ತಪ್ಪು ಮಾಡಿದವನೇ ಇನ್ನು ಹುಷಾರಾಗಿರುತ್ತಾನೆ ಎಂದು ಸಭೆ ಮತ್ತೆ ನನಗೇ ಕೊಟ್ಟಿತ್ತು. 1986ರ ಪುಟವನ್ನು ನಾನು ಹರಿದಿಲ್ಲ; 1,260 ಎಂಬ ಅಂಕಿಯ ಎದುರು ನನ್ನ ಹೆಸರಿದೆ. ಈಗ ಕಣ್ಣು ಮಂಜಾಗಿದೆ, ಅಂಕಿಗಳು ಒಂದಕ್ಕೊಂದು ಅಂಟಿಕೊಂಡು ಕಾಣುತ್ತವೆ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮುಂದಿನ ಹುಣಸೆ ಮರದ ಕೆಳಗೆ ಕೂತಿರುತ್ತೇನೆ. ನಿಮ್ಮಲ್ಲಿ ಇಬ್ಬರು ಬನ್ನಿ. ಒಬ್ಬರೇ ಬರಬೇಡಿ.